ಅಕ್ಕನ ಅಂಗಡಿ, ಮನೆಯ ಲೆಕ್ಕ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಕಾಲೊನಿಗಳಿಂದ ಬಂದವರು ನಾವು. ನಮ್ಮಲ್ಲಿ ಎಷ್ಟೋ ಮಂದಿಯ ಫೀಸು ಹುಟ್ಟಿದ್ದು ಅಮ್ಮನ ತಡ್ಪೆಯಲ್ಲಿ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಬೀಡಿಯನ್ನು ಬ್ರಾಂಚಿಗೆ ಹೊತ್ತರೆ ಮಾತ್ರ ದುಡ್ಡು. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವಳನ್ನೂ ಕಾರ್ಮಿಕಳೆಂದೇ ಒಪ್ಪಿತ್ತು. ನಾವು ಮಾತ್ರ 'ಅಮ್ಮ ಮನೆಯಲ್ಲೇ ಇದ್ದಾಳೆ' ಅಂತೇವೆ!

ಈಗ ಅದೇ ಅಮ್ಮನಿಗೆ, ಅಕ್ಕನಿಗೆ 'ಉದ್ಯಮಿ ಆಗು' ಅಂತ ಹೇಳುವವರು ಬಹಳ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಹುಟ್ಟಿ ಸ್ವಂತ ಉದ್ಯೋಗದ ತರಬೇತಿ ಶುರುಮಾಡಿತು. 2000ದ ಹೊತ್ತಿಗೆ ಸ್ತ್ರೀಶಕ್ತಿ ಸಂಘಗಳು ಬಂದವು. 2016ರಲ್ಲಿ ಸ್ಟ್ಯಾಂಡ್ ಅಪ್ ಇಂಡಿಯಾ ಎಂದು ದಲಿತರಿಗೆ, ಮಹಿಳೆಯರಿಗೆ 10 ಲಕ್ಷದಿಂದ 1 ಕೋಟಿವರೆಗಿನ ಸಾಲದ ಯೋಜನೆ ಬಂತು. ತರಬೇತಿ ಬೇಕು, ಸಾಲವೂ ಬೇಕು. ಆದರೆ ವ್ಯಾಪಾರ ಗೆಲ್ಲುವುದೋ ಸೋಲುವುದೋ ಎಂಬುದು ಬ್ಯಾಂಕಿನಲ್ಲಷ್ಟೇ ಅಲ್ಲ, ಅಡಿಗೆ ಒಲೆಯ ಹತ್ತಿರವೂ ತೀರ್ಮಾನ ಆಗ್ತದೆ.

ಒಂದು ಲೆಕ್ಕ ಹಾಕಿ ನೋಡುವ. ಇಬ್ಬರು ಅಕ್ಕಂದಿರು. ಇಬ್ಬರಿಗೂ ಒಂದೇ ಸಾಲ, ಒಂದೇ ಹೊಲಿಗೆ ಮಿಶಿನು. ಒಬ್ಬಳ ಗಂಡ ಗಂಜಿ ಬೇಯಿಸ್ತಾನೆ, ಅತ್ತೆ ಮಗುವನ್ನು ನೋಡಿಕೊಳ್ತಾಳೆ, ಹೊಲಿದದ್ದನ್ನು ತಮ್ಮ ಸೈಕಲಿನಲ್ಲಿ ಪೇಟೆಗೆ ಮುಟ್ಟಿಸ್ತಾನೆ. ಇನ್ನೊಬ್ಬಳು ನೀರು ತರಬೇಕು, ಸೌದೆ ತರಬೇಕು, ರಾತ್ರಿ ಹತ್ತರ ಮೇಲೆ ಮಿಶಿನಿಗೆ ಕೂರಬೇಕು. ಬಂದ ದುಡ್ಡು ಗಂಡನ ಕಿಸೆಗೆ, ಅಲ್ಲಿಂದ ಗಡಂಗಿಗೆ. ಆರು ತಿಂಗಳಲ್ಲಿ ಮಿಶಿನು ಅಡವು. ಆಗ ಊರು ಏನು ಹೇಳ್ತದೆ? 'ಅವಳಿಗೆ ವ್ಯಾಪಾರ ಬರುವುದಿಲ್ಲ.' ಸೋತದ್ದು ಅವಳೋ, ಮನೆಯೋ?

ಹಾಗಂತ ಎಲ್ಲ ತಪ್ಪನ್ನೂ ನಮ್ಮ ಗಂಡಸರ ತಲೆಗೆ ಕಟ್ಟುವುದು ಬೇಡ. ಉಳ್ಳವರ ಮನೆಯ ಹೆಣ್ಣಿಗೆ ಅಪ್ಪನ ಕಟ್ಟಡ ಉಂಟು, ತೋಟದ ಆರ್‌ಟಿಸಿ ಉಂಟು, ಗಿರಾಕಿಗಳಾಗಿ ಬರುವ ನೆಂಟರುಂಟು. ಅದಕ್ಕೆ 'ಜಾಣ್ಮೆ' ಅಂತ ಹೆಸರು. ನಮ್ಮ ಅಕ್ಕನ ಬೆನ್ನಿಗೆ ಏನುಂಟು? ಅವಳು ಹೋಟೆಲಿಟ್ಟರೆ ಯಾರು ಚಾ ಕುಡಿಯಲಿಕ್ಕೆ ಬರ್ತಾರೆ ಎಂಬ ಅಂಜಿಕೆ ಉಂಟು.

'ತುಳುನಾಡಿನಲ್ಲಿ ಅಳಿಯಸಂತಾನ, ಹೆಣ್ಣಿನದ್ದೇ ರಾಜ್ಯ' ಅಂತ ಭಾಷಣ ಬಿಗಿಯುವವರಿದ್ದಾರೆ. ವಂಶ ತಾಯಿಯಿಂದ ಬಂದರೂ ಮನೆಯ ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲೇ ಇತ್ತು. ಆಸ್ತಿಯೇ ಇಲ್ಲದ ನಮಗೆ ಯಾವ ಸಂತಾನವಾದರೇನು? ಮದ್ರಾಸು ಸರಕಾರದ ಕಾಲದಲ್ಲಿ ದಲಿತರಿಗೆಂದು ಇಟ್ಟ ಡಿ.ಸಿ. ಮನ್ನಾ ಭೂಮಿಗಾಗಿ ಈ ಜಿಲ್ಲೆಯಲ್ಲಿ ನಾವು ಕೂಗಿದ್ದೇವೆ. ಇನ್ನು ಮುಂದೆ ಆ ಕೂಗಿಗೆ ಒಂದು ಮಾತು ಸೇರಬೇಕು: ಪಟ್ಟೆ ಹೆಂಗಸಿನ ಹೆಸರಿಗೂ ಆಗಬೇಕು. ಭೂಮಿಯ ಕಾಗದ ಇದ್ದವಳು ಬ್ಯಾಂಕಿನ ಮುಂದೆ ತಲೆ ಎತ್ತಿ ನಿಲ್ತಾಳೆ, ಮನೆಯೊಳಗೂ ನಿಲ್ತಾಳೆ.

ಬಾಬಾಸಾಹೇಬರು 1942ರ ಜುಲೈಯಲ್ಲಿ ನಾಗಪುರದ ದಲಿತ ಮಹಿಳಾ ಸಮ್ಮೇಳನದಲ್ಲಿ, ಸಮಾಜದ ಪ್ರಗತಿಯನ್ನು ತಾವು ಹೆಣ್ಣಿನ ಪ್ರಗತಿಯಿಂದಲೇ ಅಳೆಯುವುದೆಂದು ಹೇಳಿದರು. ಹೆಂಡತಿ ಗಂಡನ ಗೆಳತಿಯಾಗಿ ನಿಲ್ಲಬೇಕು, ಗುಲಾಮಳಾಗಿ ಅಲ್ಲ ಎಂದರು. 1951ರಲ್ಲಿ ಮಂತ್ರಿ ಪದವಿ ಬಿಟ್ಟದ್ದಕ್ಕೆ ಹಿಂದೂ ಕೋಡ್ ಬಿಲ್ಲೂ ಒಂದು ದೊಡ್ಡ ಕಾರಣ. ಅವರ ಫೋಟೋ ಗೋಡೆಯಲ್ಲಿಟ್ಟು, ಉಂಡ ಬಟ್ಟಲನ್ನು ಅಕ್ಕನ ಮುಂದೆ ತಳ್ಳುವುದು ಎಂಥ ಹೋರಾಟ?

ಗೆಳೆಯರೆ, ಈ ರಜೆಯಲ್ಲಿ ಮನೆಗೆ ಹೋದಾಗ ಮೂರು ಕೆಲಸ ಮಾಡುವ. ಉಂಡ ಬಟ್ಟಲನ್ನು ನಾವೇ ತೊಳೆಯುವ. ಅಮ್ಮನಿಗೋ ಅಕ್ಕನಿಗೋ ಬ್ಯಾಂಕಿನ ಪಾಸುಬುಕ್ಕು ಓದಿ ತೋರಿಸಿ, ಅದು ಅವಳ ಪೆಟ್ಟಿಗೆಯಲ್ಲೇ ಉಳಿಯುವ ಹಾಗೆ ನೋಡುವ. ಅವಳ ಸಾಲದ ದುಡ್ಡಿಗೆ ಯಾರು ಕೈಹಾಕಿದರೂ, ಅಪ್ಪನೇ ಆಗಲಿ ಅಣ್ಣನೇ ಆಗಲಿ, 'ಇದು ಅವಳ ಬಂಡವಾಳ' ಅಂತ ಹೇಳುವ.

ಹೇಳಲಿಕ್ಕೆ ಧೈರ್ಯ ಬೇಕು. ಬೀದಿಯಲ್ಲಿ ಘೋಷಣೆ ಕೂಗುವುದಕ್ಕಿಂತ ಜಾಸ್ತಿ ಧೈರ್ಯ ಬೇಕು. ಅದನ್ನು ನಮ್ಮ ಮನೆಯಿಂದಲೇ ಕಲಿಯುವ.

ಜೈ ಭೀಮ್.