‘ಚಾರ್ಜು’ ಎಂಬ ಹೊರೆಯ ಮಾತು



ಈ ಹೊತ್ತು ಗೊಬ್ಬರದ ಮಾತನ್ನಾಗಲಿ, ಬಿತ್ತನೆ ಬೀಜದ ಮಾತನ್ನಾಗಲಿ ನಾನು ಆಡುವುದಿಲ್ಲ. ಒಂದೇ ಒಂದು ಇಂಗ್ಲಿಷ್ ಪದದ ವಿಚಾರವನ್ನು ಹೇಳುತ್ತೇನೆ. ಅದು ‘ಚಾರ್ಜು’ ಎಂಬ ಪದ. ಇಂಗ್ಲಿಷ್ ಬಾರದವರ ಬಾಯಲ್ಲಿಯೂ ಇದು ದಿನಕ್ಕೆ ಹತ್ತು ಸಲ ಬರುತ್ತದೆ. ಬಸ್ ಚಾರ್ಜು ಏರಿತು ಎನ್ನುತ್ತೇವೆ. ಫೋನಿನಲ್ಲಿ ಚಾರ್ಜಿಲ್ಲ ಎನ್ನುತ್ತೇವೆ. ಹೊಸ ಸಾಹೇಬರು ಚಾರ್ಜು ತೆಗೆದುಕೊಂಡರು, ಪೇಟೆಯಲ್ಲಿ ಲಾಠಿ ಚಾರ್ಜು ಆಯಿತು, ಇಂಥವನ ಮೇಲೆ ಚಾರ್ಜ್ ಶೀಟು ಹಾಕಿದರು, ಅವನ ಜಮೀನಿನ ಮೇಲೆ ಬ್ಯಾಂಕಿನ ಚಾರ್ಜು ಇದೆ ಎಂದೂ ಹೇಳುತ್ತೇವೆ.

ಒಬ್ಬನೇ ಆಳು ಆರು ಮನೆಯಲ್ಲಿ ಆರು ಬಗೆಯ ಕೆಲಸ ಮಾಡಿದ ಹಾಗಾಯಿತು ಇದು. ಹೇಳುವವರು ಒಂದು ಅರ್ಥದಲ್ಲಿ ಹೇಳಿ, ಕೇಳುವವರು ಇನ್ನೊಂದು ಅರ್ಥದಲ್ಲಿ ಹಿಡಿದುಕೊಂಡರೆ ಏನಾದೀತು? ಬಸ್ಸಿನಲ್ಲಾದರೆ ಐದೋ ಹತ್ತೋ ರೂಪಾಯಿಯ ಮಾತು. ಬ್ಯಾಂಕಿನ ಮೇಜಿನ ಮುಂದಾದರೆ ಹೊಲದ ಮಾತು. ಆದಕಾರಣ ಈ ಪದದ ಬುಡವನ್ನು ಸ್ವಲ್ಪ ಅಗೆದು ನೋಡೋಣ.

ಈ ಪದ ಹುಟ್ಟಿದ್ದು ಗಾಡಿಯಲ್ಲಿ. ಹಳೆಯ ಲ್ಯಾಟಿನ್ ಭಾಷೆಯಲ್ಲಿ ಗಾಡಿಗೆ ‘ಕಾರುಸ್’ ಎಂದು ಹೆಸರು. ಅದರಿಂದ ಗಾಡಿಗೆ ಹೇರುವುದು ಎಂಬ ಅರ್ಥದ ಮಾತು ಹುಟ್ಟಿತು. ಅದು ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದು ‘ಚಾರ್ಜು’ ಆಯಿತು. ರಸ್ತೆಯಲ್ಲಿ ಓಡುವ ಕಾರು, ಹಡಗಿನಲ್ಲಿ ಸಾಗುವ ಸರಕಿಗೆ ಹೇಳುವ ಕಾರ್ಗೊ, ಇವೂ ಅದೇ ಮನೆತನದ ಪದಗಳೇ. ಆದ್ದರಿಂದ ಚಾರ್ಜು ಎಂದರೆ ಮೂಲದಲ್ಲಿ ಹೊರೆ, ಭಾರ, ಹೇರು. ಇಷ್ಟು ನೆನಪಿಟ್ಟರೆ ಉಳಿದ ಅರ್ಥಗಳೆಲ್ಲ ತಾವಾಗಿ ಬಿಚ್ಚಿಕೊಳ್ಳುತ್ತವೆ.

ಬಸ್ ಚಾರ್ಜು ನಮ್ಮ ಜೇಬಿನ ಮೇಲಿನ ಹೊರೆ. ಅಧಿಕಾರಿ ತೆಗೆದುಕೊಳ್ಳುವ ಚಾರ್ಜು ಕೆಲಸದ ಹೊರೆ. ಕನ್ನಡದಲ್ಲಿ ಇದನ್ನು ‘ಪ್ರಭಾರ’ ಎನ್ನುವುದಿಲ್ಲವೇ? ಅದರಲ್ಲಿಯೂ ‘ಭಾರ’ವೇ ಇದೆ ನೋಡಿ. ಒಬ್ಬ ಅಧಿಕಾರಿಗೆ ವರ್ಗವಾಗಿ ಇನ್ನೊಬ್ಬರು ಬಾರದಿದ್ದರೆ, ಕಛೇರಿಯಿಂದ ಸುಮ್ಮನೆ ಹಿಂತಿರುಗಬೇಡಿ. ಚಾರ್ಜು ಯಾರಲ್ಲಿದೆ ಎಂದು ಕೇಳಿ.

ಬ್ಯಾಟರಿಗೆ ಹೇರುವುದು ವಿದ್ಯುತ್ತನ್ನು. ೧೮ನೆಯ ಶತಮಾನದಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಈ ಪದವನ್ನು ವಿದ್ಯುತ್ತಿನ ವಿಚಾರಕ್ಕೆ ಬಳಸಿದನು. ಬಂದೂಕಿಗೆ ಮದ್ದು ತುಂಬುವುದೂ, ಬಾವಿಯ ಬಂಡೆಗೆ ಕುಳಿ ಕೊರೆದು ಮದ್ದು ಕಟ್ಟುವುದೂ ಚಾರ್ಜೇ. ಹಾರದೆ ಉಳಿದ ಚಾರ್ಜಿನ ಹತ್ತಿರ ಯಾರೂ ಹೋಗಕೂಡದು. ಲಾಠಿ ಚಾರ್ಜಿನಲ್ಲಿ ಹೊರೆ ಯಾರ ಬೆನ್ನ ಮೇಲೆ ಬೀಳುತ್ತದೆಂದು ನಾನು ಹೇಳಬೇಕಾಗಿಲ್ಲ!

ಚಾರ್ಜಿಗೆ ಎರಡು ಕವಲುಗಳಿವೆ. ‘ರೀಚಾರ್ಜು’ ಎಂದರೆ ಮತ್ತೆ ಹೇರುವುದು. ಫೋನಿಗೆ ಮಾಡುವಂತೆ ಕೊಳವೆ ಬಾವಿಗೂ ರೀಚಾರ್ಜು ಮಾಡುತ್ತಾರೆ. ಮಳೆಯ ನೀರನ್ನು ಜಲ್ಲಿ, ಮರಳುಗಳ ಮೂಲಕ ಸೋಸಿ ಇಳಿಸಬೇಕು. ಕೊಟ್ಟಿಗೆಯ ನೀರನ್ನೂ ಚರಂಡಿಯ ನೀರನ್ನೂ ಬಿಡಬಾರದು. ‘ಡಿಸ್ಚಾರ್ಜು’ ಎಂದರೆ ಇಳಿಸುವುದು. ಆಸ್ಪತ್ರೆಯಿಂದ ಡಿಸ್ಚಾರ್ಜು, ಅಣೆಕಟ್ಟಿನಿಂದ ನೀರಿನ ಡಿಸ್ಚಾರ್ಜು ಎಂದು ಕೇಳಿದ್ದೀರಿ. ಸಾಲಕ್ಕೂ ಡಿಸ್ಚಾರ್ಜು ಉಂಟು. ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನು ಚಾರ್ಜ್ ಶೀಟು. ಪೊಲೀಸರು ತನಿಖೆ ಮುಗಿಸಿ ನ್ಯಾಯಾಲಯಕ್ಕೆ ಕೊಡುವ ವರದಿ ಅದು. ೧೯೭೩ರ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ೨೦೨೪ರ ಜುಲೈ ೧ರಿಂದ ಹೊಸ ಸಂಹಿತೆ ಬಂದರೂ ಜನರ ಬಾಯಲ್ಲಿ ಈ ಹೆಸರು ಉಳಿದಿದೆ. ಕನ್ನಡದಲ್ಲಿ ‘ಆರೋಪ ಹೊರಿಸುವುದು’ ಎನ್ನುತ್ತೇವೆ. ಇಲ್ಲಿಯೂ ಹೊರೆಯ ಮಾತೇ. ಹೊರಿಸಿದ ಮಾತ್ರಕ್ಕೆ ಆರೋಪ ನಿಜವಾಗದು. ನ್ಯಾಯಾಧೀಶರು ಕಾಗದಗಳನ್ನು ನೋಡಿ, ಆಧಾರ ಸಾಲದೆಂದು ಕಂಡರೆ ವಿಚಾರಣೆಗೆ ಮೊದಲೇ ಹೊರೆಯನ್ನು ಇಳಿಸಿಬಿಡಬಹುದು. ವಿಚಾರಣೆ ನಡೆದು ಬಿಡುಗಡೆಯೂ ಆಗಬಹುದು. ಹೀಗಿರುವಾಗ ಚಾರ್ಜ್ ಶೀಟು ಬಿದ್ದ ದಿನವೇ ಅಂಥವನಿಗೆ ಊರಿನಲ್ಲಿ ನೀರು ನಿಡಿ ನಿಲ್ಲಿಸುವುದು ನ್ಯಾಯವಲ್ಲ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಸಾಲಕ್ಕೆಂದು ಬ್ಯಾಂಕಿಗೆ ಹೋದಾಗ ಎರಡು ಬಗೆಯ ಚಾರ್ಜುಗಳ ಮಾತು ಬರುತ್ತದೆ. ಕಾಗದಪತ್ರಗಳಿಗೆ, ಸೇವೆಗೆ ಎಂದು ಹಿಡಿದುಕೊಳ್ಳುವ ಹಣ ಒಂದು ಚಾರ್ಜು. ಅದು ಕೊಟ್ಟಲ್ಲಿಗೆ ಮುಗಿಯಿತು. ಜಮೀನಿನ ಮೇಲೆ ಬೀಳುವ ಚಾರ್ಜು ಬೇರೆ. ಅದು ಋಣಭಾರ. ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆ ಅಡಮಾನವನ್ನೂ ಚಾರ್ಜನ್ನೂ ಬೇರೆ ಬೇರೆಯಾಗಿ ಹೇಳುತ್ತದೆ. ಅಡಮಾನದಲ್ಲಿ ಸ್ವತ್ತಿನ ಹಕ್ಕಿನ ಒಂದು ಪಾಲು ಸಾಲ ಕೊಟ್ಟವರಿಗೆ ಹೋಗುತ್ತದೆ. ಚಾರ್ಜಿನಲ್ಲಿ ಹಕ್ಕು ಹೋಗುವುದಿಲ್ಲ. ಆದರೆ ಆ ಸಾಲಕ್ಕೆ ಜಮೀನು ಭದ್ರತೆಯಾಗಿ ನಿಲ್ಲುತ್ತದೆ. ಸಾಲ ತೀರದಿದ್ದರೆ ಕಾನೂನಿನ ಮೂಲಕ ಆ ಜಮೀನಿನಿಂದ ವಸೂಲು ಮಾಡಲು ದಾರಿಯಿರುತ್ತದೆ.

ರೈತರಿಗೆ ಸಾಲ ಸುಲಭವಾಗಲೆಂದು ಕರ್ನಾಟಕದಲ್ಲಿ ೧೯೭೪ರ ಒಂದು ಕಾಯಿದೆ ಇದೆ. ಅದರಂತೆ ಒಂದು ಘೋಷಣಾ ಪತ್ರಕ್ಕೆ ರೈತನು ರುಜು ಹಾಕಿದರೆ ಜಮೀನಿನ ಮೇಲೆ ಬ್ಯಾಂಕಿನ ಚಾರ್ಜು ಬೀಳುತ್ತದೆ. ಈಚೆಗೆ ‘ಫ್ರೂಟ್ಸ್’ ಎಂಬ ಕಂಪ್ಯೂಟರ್ ವ್ಯವಸ್ಥೆಯ ಮೂಲಕ ಬ್ಯಾಂಕಿನಿಂದಲೇ ಇದು ನಡೆಯುತ್ತದೆ. ರೈತನು ತಾಲ್ಲೂಕಿಗೆ ಅಲೆಯುವುದು ತಪ್ಪಿತು, ಇದು ಒಳ್ಳೆಯದೇ. ಆದರೆ ಕಣ್ಣಿಗೆ ಕಾಣದೆ ಕೆಲಸ ಆಗುವುದರಿಂದ, ರುಜು ಹಾಕುವ ಮುಂಚೆಯೇ ನಾವು ಕೇಳಿ ತಿಳಿಯುವುದು ಹೆಚ್ಚು ಅವಶ್ಯಕವಾಗಿದೆ.

ಬಿದ್ದ ಚಾರ್ಜು ಎಲ್ಲಿ ಕಾಣುತ್ತದೆ? ನಿಮ್ಮ ಪಹಣಿಯಲ್ಲಿ. ಅದರ ೧೧ನೆಯ ಕಾಲಂನಲ್ಲಿ ‘ಋಣಗಳು’ ಎಂದು ಒಂದು ಜಾಗವಿದೆ. ಯಾವ ಬ್ಯಾಂಕು, ಎಷ್ಟು ಸಾಲ ಎಂಬುದು ಅಲ್ಲಿ ಬರುತ್ತದೆ. ನಾವು ಪಹಣಿ ತಂದರೆ ಹೆಸರನ್ನೂ ಎಕರೆಯನ್ನೂ ನೋಡಿ ಮಡಿಸಿಡುತ್ತೇವೆ. ಹಾಗೆ ಮಾಡಬೇಡಿ. ಋಣದ ಜಾಗವನ್ನು ಓದಿ. ಓದು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ.

ಸಾಲ ತೀರಿಸಿದ ದಿನ ಹೊರೆ ಇಳಿಯಿತೆಂದು ನಾವು ನಿಟ್ಟುಸಿರು ಬಿಡುತ್ತೇವೆ. ಬ್ಯಾಂಕಿನ ಪುಸ್ತಕದಲ್ಲಿ ಇಳಿದಿರುತ್ತದೆ, ನಿಜ. ಪಹಣಿಯಲ್ಲಿ ಅದು ಹಾಗೆಯೇ ಕುಳಿತಿರಬಹುದು. ವರ್ಷಗಳು ಕಳೆದು ಮಕ್ಕಳು ಪಾಲು ಮಾಡಿಕೊಳ್ಳುವಾಗಲೋ, ಮಗಳ ಮದುವೆಗೆ ಒಂದು ತುಂಡು ಮಾರುವಾಗಲೋ, ಬೇರೆ ಬ್ಯಾಂಕಿನಲ್ಲಿ ಸಾಲ ಕೇಳುವಾಗಲೋ ಆ ಹಳೆಯ ಸಾಲು ಎದ್ದು ನಿಲ್ಲುತ್ತದೆ. ಕೊಳ್ಳುವವನು ಹಿಂದೆಗೆಯುತ್ತಾನೆ, ಇಲ್ಲವೇ ಬೆಲೆ ಇಳಿಸುತ್ತಾನೆ. ತೀರಿಸಿದ ಹಿರಿಯರು ಆ ಹೊತ್ತಿಗೆ ಇಲ್ಲದೆಯೂ ಇರಬಹುದು.

ಆದ್ದರಿಂದ ಕೊನೆಯ ಕಂತು ಕಟ್ಟಿದ ಕೂಡಲೇ ಸಾಲ ತೀರಿತೆಂಬ ಪತ್ರವನ್ನೂ, ಚಾರ್ಜು ಬಿಡುಗಡೆಯ ಪತ್ರವನ್ನೂ ಬ್ಯಾಂಕಿನಿಂದ ಪಡೆಯಿರಿ. ಭೂಮಿ ಕೇಂದ್ರದಲ್ಲಿಯೋ ನಾಡಕಛೇರಿಯಲ್ಲಿಯೋ ವಿಚಾರಿಸಿ, ಪಹಣಿಯಿಂದ ಋಣವನ್ನು ತೆಗೆಸಿ. ಉಪ ನೋಂದಣಾಧಿಕಾರಿಗಳ ಕಛೇರಿಯಲ್ಲಿ ದಾಖಲಾಗಿದ್ದರೆ ಅಲ್ಲಿಯೂ ಬಿಡುಗಡೆ ದಾಖಲಾಗಬೇಕು. ಆಮೇಲೆ ಹೊಸ ಪಹಣಿ ತೆಗೆದು ಕಣ್ಣಾರೆ ನೋಡಿ. ಆಗಲೇ ಸಾಲ ನಿಜವಾಗಿ ಡಿಸ್ಚಾರ್ಜು ಆದಂತೆ.

ಇನ್ನೂ ಒಂದು ಸಂಗತಿ. ಒತ್ತೆ ಇಲ್ಲದೆ ಕೊಡುವ ಬೇಸಾಯದ ಸಾಲದ ಮಿತಿಯನ್ನು ರಿಸರ್ವ್ ಬ್ಯಾಂಕು ೧ ಲಕ್ಷ ೬೦ ಸಾವಿರದಿಂದ ೨ ಲಕ್ಷ ರೂಪಾಯಿಗೆ ಏರಿಸಿದೆ. ಇದು ೨೦೨೫ರ ಜನವರಿ ೧ರಿಂದ ಜಾರಿಗೆ ಬಂತು. ಸಣ್ಣ ಸಾಲಕ್ಕೆ ಜಮೀನಿನ ಮೇಲೆ ಚಾರ್ಜು ಏಕೆ ಬೇಕೆಂದು ಕೇಳಲು ನಿಮಗೆ ಆಧಾರವಿದೆ.

ಇಷ್ಟು ಹೇಳಿದ್ದರ ಸಾರ ಮೂರು ಪ್ರಶ್ನೆ. ಯಾರಾದರೂ ‘ಚಾರ್ಜು’ ಎಂದರೆ ಕೇಳಿ: ಇದು ಯಾವ ಹೊರೆ? ಯಾವುದರ ಮೇಲೆ ಬೀಳುತ್ತದೆ? ಯಾವಾಗ, ಯಾರಿಂದ ಇಳಿಯುತ್ತದೆ? ಗಾಡಿಗೆ ಹೇರುವಾಗ ಎತ್ತಿನ ಶಕ್ತಿಯನ್ನೂ ದಾರಿಯ ದೂರವನ್ನೂ ನೋಡಿಯೇ ಹೇರುವವರು ನಾವು. ಕಾಗದದ ಮೇಲಿನ ಹೇರಿಗೂ ಅದೇ ಲೆಕ್ಕವಿರಲಿ. ಇಂದು ಮನೆಗೆ ಹೋದ ಮೇಲೆ ಪೆಟ್ಟಿಗೆಯಲ್ಲಿರುವ ಪಹಣಿಯನ್ನು ತೆಗೆದು ೧೧ನೆಯ ಕಾಲಂ ಓದಿಸಿ ನೋಡಿ. ತೀರಿಸಿದ ಸಾಲವೇನಾದರೂ ಅಲ್ಲಿ ಕುಳಿತಿದ್ದರೆ ಬಿತ್ತನೆಯ ಅವಸರ ಬರುವ ಮೊದಲೇ ಅದನ್ನು ಇಳಿಸಿರಿ.