ಹಾಸ್ಟೆಲಿನ ತಟ್ಟೆ, ಮನೆಯ ತಟ್ಟೆ

(ರಾಜರಾಜೇಶ್ವರಿನಗರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಈ ಸಭೆಗೆ ಬರುವಾಗ ನಾವು ಮೈಸೂರು ರಸ್ತೆಯ ಆರ್ಚು ದಾಟಿ ನಡೆದು ಬಂದೆವು. ದಾರಿಯಲ್ಲಿ ಒಂದು ಅಪಾರ್ಟ್‌ಮೆಂಟು ಮೇಲೇಳುತ್ತಿದೆ. ಅದನ್ನು ಕಟ್ಟುವವರ ತಗಡಿನ ಶೆಡ್ಡುಗಳು ಪಕ್ಕದಲ್ಲೇ ಇವೆ. ಮರಳಿನ ಗುಡ್ಡೆಯ ಹತ್ತಿರ ಎರಡು ಮಕ್ಕಳು ಮನೆಯಾಟ ಆಡುತ್ತಿದ್ದವು. ಹುಡುಗನಿಗೆ ಐದು ವರ್ಷ ಇದ್ದೀತು, ಹುಡುಗಿ ಇನ್ನೂ ಚಿಕ್ಕವಳು. ಹುಡುಗ ಕೆಲಸದಿಂದ ಬಂದವನ ಹಾಗೆ ಬಂದು, ಕಾಲು ಚಾಚಿ ಕೂತು, ‘ನೀರ್ ತಾ’ ಅಂದ. ಹುಡುಗಿ ತೆಂಗಿನ ಚಿಪ್ಪಿನಲ್ಲಿ ನೀರು ತಂದಳು. ಮರಳಿನ ಅನ್ನ ಬಡಿಸಿದಳು. ಅವನು ಬಾಯಿಗಿಟ್ಟಂಗೆ ಮಾಡಿ, ‘ಥೂ, ಉಪ್ಪೇ ಇಲ್ಲ’ ಎಂದು ಚಿಪ್ಪು ಎಸೆದ. ಅವಳು ಅಳಲಿಲ್ಲ, ನಗಲಿಲ್ಲ. ಎದ್ದುಹೋಗಿ ಚಿಪ್ಪು ಎತ್ತಿಕೊಂಡು ಬಂದು ಮತ್ತೆ ಬಡಿಸಿದಳು.

ಈ ಪಾಠವನ್ನು ಆ ಮಕ್ಕಳಿಗೆ ಯಾವ ಮೇಷ್ಟ್ರು ಹೇಳಿಕೊಟ್ಟರು? ಯಾರೂ ಇಲ್ಲ. ನೋಡಿದವು, ಕಲಿತವು.

ಜಾತಿಯನ್ನು ನಾವು ಕಲಿತದ್ದೂ ಹೀಗೇ ಅಲ್ಲವೆ? ನಿಮ್ಮ ಲೋಟ ಬೇರೆ ಎಂದು ಯಾರೂ ನಮಗೆ ಕೂರಿಸಿಕೊಂಡು ಹೇಳಲಿಲ್ಲ. ಅಪ್ಪ ಹೋಟೆಲಿನ ಹೊರಗೇ ನಿಂತದ್ದನ್ನು ನೋಡಿದೆವು. ಮೇಲಿಂದ ಎತ್ತಿ ಹುಯ್ದ ಟೀ ನೋಡಿದೆವು. ಎಲ್ಲಿ ನಿಲ್ಲಬೇಕು ಅನ್ನೋದು ನಮ್ಮ ಕಾಲಿಗೇ ಗೊತ್ತಾಗಿಹೋಯಿತು. ಆಮೇಲೆ ಓದಿದೆವು. ಇದು ಹಣೆಬರಹವಲ್ಲ, ಮನುಷ್ಯರು ಮಾಡಿದ ವ್ಯವಸ್ಥೆ ಎಂದು ತಿಳಿಯಿತು. ಸಿಟ್ಟು ಬಂತು, ಸಂಘಟನೆಗೆ ಬಂದೆವು. ಆದರೆ ಅದೇ ವಯಸ್ಸಿನಲ್ಲಿ, ಅದೇ ರೀತಿಯಲ್ಲಿ ಮನೆಯೊಳಗೆ ಕಲಿತ ಇನ್ನೊಂದು ಪಾಠದ ಮೇಲೆ ನಮಗೆ ಸಿಟ್ಟು ಬರಲಿಲ್ಲ. ಯಾಕೆಂದರೆ ಅದರ ಲಾಭ ನಮ್ಮದೇ.

ಜ್ಞಾಪಿಸಿಕೊಳ್ಳೋಣ. ಬಾಡು ಮಾಡಿದ ದಿನ ತುಂಡುಗಳು ಯಾರ ತಟ್ಟೆಗೆ ಬಿದ್ದವು, ಬರೀ ಸಾರು ಯಾರಿಗೆ ಉಳಿಯಿತು? ನಾವು ಬಿದ್ದು ಅತ್ತಾಗ ‘ಏನ್ಲಾ, ಹೆಣ್ಣುಡ್ಗೀರಂಗೆ ಅಳ್ತೀಯಾ’ ಅಂದರು. ಅಕ್ಕ ಜೋರಾಗಿ ನಕ್ಕಾಗ ‘ಮೆತ್ತಗೆ ನಗು’ ಅಂದರು. ಕೂಲಿಗೆ ಹೋಗುವ ಅವ್ವ ಎಳೆಮಗುವನ್ನು ಯಾರ ಸೊಂಟಕ್ಕೆ ಕೊಟ್ಟು ಹೋದಳು? ನಾವು ಒಂದು ದಿನ ಪೊರಕೆ ಹಿಡಿದರೆ ನೆಂಟರು ನಕ್ಕರು. ಒಂದೊಂದೂ ಸಣ್ಣ ಮಾತು. ಹತ್ತು ವರ್ಷ ದಿನಾ ಕೇಳಿದರೆ ಅದೇ ಸ್ವಭಾವ ಅನ್ನಿಸಿಕೊಳ್ಳುತ್ತದೆ.

ಸ್ವಭಾವ ಅಲ್ಲ ಅನ್ನೋದಕ್ಕೆ ಸಾಕ್ಷಿ ಬೇಕೆ? ನಾವೇ ಸಾಕ್ಷಿ. ಹಾಸ್ಟೆಲಿನಲ್ಲಿ ನಮ್ಮ ತಟ್ಟೆ ತೊಳೆಯುವವರು ಯಾರು? ನಾವೇ. ಬಟ್ಟೆ ಒಗೆಯುವವರು, ರೂಮು ಗುಡಿಸುವವರು? ನಾವೇ. ನಮ್ಮ ಗಂಡಸುತನಕ್ಕೆ ಏನೂ ಆಗಿಲ್ಲ. ಅದೇ ಯುಗಾದಿಗೆ ಊರಿನ ಬಸ್ಸು ಹತ್ತಿ ಮನೆ ಸೇರಿದ ಕೂಡಲೆ ಈ ಕೈಗಳಿಗೆ ಲಕ್ವ ಹೊಡೆಯುತ್ತದೆ! ಉಂಡ ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋಗುತ್ತೇವೆ. ತಂಗಿ ಬಂದು ತಟ್ಟೆ ಎತ್ತುತ್ತಾಳೆ.

ಆ ತಂಗಿಯ ವಿಷಯ ಇನ್ನೂ ಒಂದಿದೆ. ನಮ್ಮಲ್ಲಿ ಎಷ್ಟು ಜನರ ಅಕ್ಕತಂಗಿಯರು ನಡುವೆಯೇ ಶಾಲೆ ಬಿಟ್ಟಿದ್ದಾರೆ? ಮನೆಯಲ್ಲಿ ಮಗು ನೋಡಿಕೊಳ್ಳೋರು ಇಲ್ಲ, ಅಡಿಗೆಗೆ ಯಾರೂ ಇಲ್ಲ ಎಂದು ಅವಳನ್ನು ಬಿಡಿಸಿದರು, ನಮ್ಮನ್ನು ಹಾಸ್ಟೆಲಿಗೆ ಕಳಿಸಿದರು. ನಮ್ಮ ಡಿಗ್ರಿಯ ಬೆನ್ನ ಹಿಂದೆ ಅವಳ ಮುಚ್ಚಿದ ಪುಸ್ತಕವಿದೆ. ಆ ಸಾಲವನ್ನು ನಾವು ಯಾರೂ ಬರೆದಿಟ್ಟುಕೊಂಡಿಲ್ಲ.

ಬರೆದಿಟ್ಟ ಲೆಕ್ಕ ಒಂದಿದೆ. ಕೇಂದ್ರ ಸರ್ಕಾರ 2024ರಲ್ಲಿ, ಜನರ ಹೊತ್ತು ಯಾವುದಕ್ಕೆ ಹೋಗುತ್ತದೆ ಎಂದು ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಸವೆಸುತ್ತಾರೆ. ಆ ಕೆಲಸಕ್ಕೆ ಕೈ ಹಾಕುವ ಗಂಡಸರದ್ದು 88 ನಿಮಿಷ. ಕೈಯೇ ಹಾಕದ ಗಂಡಸರು ಈ ಸರಾಸರಿಯಲ್ಲಿ ಇಲ್ಲವೇ ಇಲ್ಲ. ಇನ್ನೊಂದು ವಿಷಯ ಗಮನಿಸಿ: ಈ ಲೆಕ್ಕ ಶುರುವಾಗುವುದು ಆರು ವರ್ಷದ ಮಕ್ಕಳಿಂದ.

ಹೊರಗೆ ದುಡಿದರೆ ಹೆಂಗಸರ ಸ್ಥಿತಿ ತಾನಾಗಿ ಬದಲಾಗುತ್ತದೆ ಅನ್ನುವವರಿದ್ದಾರೆ. 2016ರ ಏಪ್ರಿಲ್‌ನಲ್ಲಿ, ಪಿ.ಎಫ್. ಹಣ ತೆಗೆಯುವ ನಿಯಮ ಬಿಗಿ ಮಾಡಿದಾಗ, ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಹಿಂದೆ ಸರಿಯಿತು. ದಿಲ್ಲಿಯನ್ನು ಬಗ್ಗಿಸಿದ ಆ ಕೈಗಳು ರಾತ್ರಿ ಮನೆಗೆ ಹೋಗಿ ಏನು ಮಾಡಿದವು? ಮುದ್ದೆ ತಿರುವಿದವು, ನಮ್ಮಂಥ ಅಣ್ಣತಮ್ಮಂದಿರ ತಟ್ಟೆ ತೊಳೆದವು. ಬೆಳಗಿನ ಜಾವಕ್ಕೆ ಎದ್ದು ಈ ಬಡಾವಣೆಯ ಬೀದಿ ಗುಡಿಸುವ ಪೌರಕಾರ್ಮಿಕ ಅವ್ವಂದಿರೂ ಮನೆಗೆ ಹೋಗಿ ಮತ್ತೆ ಪೊರಕೆಯನ್ನೇ ಹಿಡಿಯುತ್ತಾರೆ.

‘ನಾವ್ ಮಾಡ್ತೀವಿ ಅಂದ್ರೂ ಅವ್ವನೇ ಬಿಡಲ್ಲ ಸಾರ್’ ಎಂದು ನೀವು ಹೇಳುತ್ತೀರಿ. ನಿಜ. ‘ಯಾರಾದ್ರೂ ನೋಡುದ್ರೆ ಏನಂದಾರು, ಇಡ್ಲಾ ಮಗಾ’ ಅನ್ನುತ್ತಾಳೆ. ಅವಳೂ ಆ ಮರಳಿನ ಗುಡ್ಡೆಯ ಹತ್ತಿರವೇ ಕಲಿತವಳು. ಜೀತದಾಳು ಧಣಿಯ ಮುಂದೆ ಕೂರಲು ಹೆದರಿದರೆ, ಅವನಿಗೆ ನಿಲ್ಲುವುದೇ ಇಷ್ಟ ಎಂದು ನಾವು ಒಪ್ಪುತ್ತೇವೆಯೆ?

ನಮ್ಮ ಅಪ್ಪಂದಿರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ದಿನವೆಲ್ಲ ಹೊರಗೆ ತಲೆ ತಗ್ಗಿಸಿ ಬಂದವನಿಗೆ ಯಜಮಾನನಾಗಲು ಉಳಿದಿದ್ದ ಜಾಗ ಒಂದೇ, ಆ ಗುಡಿಸಲು. ಮೆಟ್ಟಿಲು ಮೆಟ್ಟಿಲಾಗಿ ನಿಂತ ಅಸಮಾನತೆ ಎಂದು ಬಾಬಾಸಾಹೇಬರು ತೋರಿಸಿಕೊಟ್ಟದ್ದು ಇದನ್ನೇ. ಪ್ರತಿಯೊಬ್ಬನಿಗೂ ತುಳಿಯಲು ಕೆಳಗೊಬ್ಬರು. ನಮ್ಮ ಕೆಳಗಿನ ಮೆಟ್ಟಿಲಲ್ಲಿ ನಿಂತಿರುವವಳು ನಮ್ಮ ತಂಗಿ.

ಬಾಬಾಸಾಹೇಬರಿಗೆ ಇದು ಪಕ್ಕದ ವಿಷಯವಾಗಿರಲಿಲ್ಲ. 1942ರ ಜುಲೈನಲ್ಲಿ ನಾಗಪುರದ ದಲಿತ ಮಹಿಳೆಯರ ಸಮ್ಮೇಳನದಲ್ಲಿ, ಮದುವೆಗೆ ಅವಸರ ಬೇಡ, ಹೆಂಡತಿ ಗಂಡನಿಗೆ ಸರಿಸಮಳಾಗಿ ನಿಲ್ಲಬೇಕೇ ಹೊರತು ಗುಲಾಮಳಾಗಬಾರದು ಎಂದು ತಿಳಿಹೇಳಿದರು. ಹೆಣ್ಣುಮಕ್ಕಳಿಗೆ ಆಸ್ತಿ ಹಕ್ಕು ಕೊಡುವ ಹಿಂದೂ ಕೋಡ್ ಬಿಲ್ ನಿಂತುಹೋದಾಗ, 1951ರಲ್ಲಿ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟು ಹೊರಬಂದರು. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಪಾಲು ಬಂತು. ಆದರೆ ನೆಲವೇ ಇಲ್ಲದ ನಮ್ಮ ಮನೆಗಳಲ್ಲಿ ಹಂಚಿಕೊಳ್ಳಲು ಏನಿದೆ? ಕೆಲಸ ಇದೆ, ಬಿಡುವು ಇದೆ, ಓದುವ ಹೊತ್ತು ಇದೆ. ಈ ಆಸ್ತಿಯಲ್ಲಿ ತಂಗಿಗೆ ಪಾಲು ಕೊಡಲು ಕೋರ್ಟು ಬೇಕಿಲ್ಲ.

ಕೇರಳದಲ್ಲಿ 2024ರಲ್ಲಿ ಮೂರನೇ ತರಗತಿಯ ಪುಸ್ತಕದಲ್ಲಿ ಅಪ್ಪ ಅಡಿಗೆಮನೆಯಲ್ಲಿ ಕಾಯಿ ತುರಿಯುವ ಚಿತ್ರ ಹಾಕಿದರು. ಒಳ್ಳೆಯದು. ಆದರೆ ಪುಸ್ತಕದ ಅಪ್ಪನನ್ನು ನೋಡಿದ ಮಗು ಸಂಜೆ ಮನೆಯ ಅಪ್ಪನನ್ನೂ ನೋಡುತ್ತದೆ. ಯಾರನ್ನು ನಂಬುತ್ತದೆ?

ಆದ್ದರಿಂದ ಗೆಳೆಯರೆ, ಈ ಸಭೆಯಲ್ಲಿ ದೊಡ್ಡ ಠರಾವು ಬೇಡ. ಈ ರಜೆಗೆ ಊರಿಗೆ ಹೋದಾಗ ನಮ್ಮ ತಟ್ಟೆ ನಾವು ತೊಳೆಯೋಣ. ಬಾಗಿಲು ಹಾಕಿಕೊಂಡಲ್ಲ, ಜಗಲಿಯ ಮುಂದೆ, ನಾಲ್ಕು ಜನ ನೋಡುವಂತೆ. ನಗುವವರು ನಗಲಿ. ತಂಗಿ ಶಾಲೆ ಬಿಟ್ಟಿದ್ದರೆ ಮತ್ತೆ ಸೇರಿಸುವ ಮಾತನ್ನು ಅಪ್ಪನ ಹತ್ತಿರ ನಾವೇ ಎತ್ತೋಣ. ‘ಮನೆಕೆಲಸಕ್ಕೆ ಯಾರು?’ ಎಂದು ಅಪ್ಪ ಕೇಳಿಯೇ ಕೇಳುತ್ತಾನೆ. ಆಗ ಉತ್ತರ ಕೊಡಬೇಕಾದ್ದು ಬಾಯಲ್ಲ, ನಮ್ಮ ಕೈ.

ಪಕ್ಕದಲ್ಲಿ ಒಂದು ಸಣ್ಣ ಮಗು ನಿಂತು ನೋಡುತ್ತಿರುತ್ತದೆ. ಅದು ಕಲಿಯುವುದು ನಮ್ಮ ಭಾಷಣದಿಂದಲ್ಲ.

ಜೈ ಭೀಮ್.