ನಾವು ಕಟ್ಟಿದ ಕಂತು, ಲೋಕಸಭೆಯ ಮಾತು



ಹಿಂದೂಪುರದ ಮಾರುಕಟ್ಟೆಗೆ ಹುಣಸೆಹಣ್ಣು ತರುವವರು, ಕಲ್ಯಾಣದುರ್ಗದ ಕಡೆ ಕಡಲೆಕಾಯಿ ಬೆಳೆಯುವವರು, ಮಡಕಶಿರಾ ಸೀಮೆಯಲ್ಲಿ ರೇಷ್ಮೆಹುಳು ಸಾಕುವವರು, ಹೀಗೆ ನಮ್ಮಲ್ಲಿ ಬಹಳ ಮಂದಿಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಮಾತು ಎರಡಾದರೂ ಟ್ರಂಕಿನ ತಳದಲ್ಲಿ ಜೋಪಾನ ಮಾಡಿಟ್ಟ ಕಾಗದಗಳು ಒಂದೇ ಬಗೆಯವು: ಬ್ಯಾಂಕಿನ ಪಾಸ್‌ಬುಕ್ಕು, ಜೀವವಿಮೆಯ ಬಾಂಡು.

ನಾನು ಬ್ಯಾಂಕಿನ ಕೌಂಟರಿನಲ್ಲಿ ಕುಳಿತಿದ್ದ ವರ್ಷಗಳಲ್ಲಿ ಹಳ್ಳಿಯ ಹಿರಿಯರು ಕೇಳುತ್ತಿದ್ದ ಪ್ರಶ್ನೆ ಒಂದುಂಟು: "ಸ್ವಾಮಿ, ನಾವು ಕಟ್ಟಿದ ದುಡ್ಡು ಎಲ್ಲಿಗೆ ಹೋಗುತ್ತೆ?" ಇದು ದಡ್ಡ ಪ್ರಶ್ನೆಯಲ್ಲ. ಇದೇ ಪ್ರಶ್ನೆಯನ್ನು ಒಬ್ಬರು ಲೋಕಸಭೆಯಲ್ಲಿ ಎದ್ದುನಿಂತು ಕೇಳಿದಾಗ ದೇಶದ ಹಣಕಾಸು ಮಂತ್ರಿಯೇ ಪದವಿ ಬಿಡಬೇಕಾಯಿತು. ಆ ಕಥೆಯನ್ನು ಇಂದು ಹೇಳುತ್ತೇನೆ.

1956ರ ಸೆಪ್ಟೆಂಬರ್ 1ರಂದು ಭಾರತೀಯ ಜೀವ ವಿಮಾ ನಿಗಮ ಹುಟ್ಟಿತು. ಅದಕ್ಕೆ ಮುಂಚೆ ವಿಮೆಯ ವ್ಯಾಪಾರ ಖಾಸಗಿಯವರ ಕೈಯಲ್ಲಿತ್ತು. ಅವರಲ್ಲಿ ಕೆಲವರು ಜನರ ಕಂತಿನ ಹಣವನ್ನು ತಮ್ಮ ಸ್ವಂತ ವ್ಯವಹಾರಕ್ಕೆ ತಿರುಗಿಸಿಕೊಳ್ಳುತ್ತಿದ್ದಾರೆಂದು 1955ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಅಂಕಿಅಂಶ ಸಮೇತ ಹೇಳಿದವರು ಫಿರೋಜ್ ಗಾಂಧಿ. ಉತ್ತರ ಪ್ರದೇಶದ ರಾಯ್‌ಬರೇಲಿಯ ಸದಸ್ಯರು, ಆಳುವ ಪಕ್ಷದವರು, ಪ್ರಧಾನಿ ನೆಹರೂ ಅವರ ಅಳಿಯ. ಮರು ತಿಂಗಳೇ ಸರ್ಕಾರ ಜೀವವಿಮೆಯನ್ನು ತನ್ನ ಕೈಗೆ ತೆಗೆದುಕೊಂಡಿತು. 245 ಸಂಸ್ಥೆಗಳು ಸೇರಿ ಒಂದು ನಿಗಮವಾಯಿತು.

ಸರ್ಕಾರದ ಕೈಗೆ ಬಂದ ಮೇಲೆ ಹಣ ಭದ್ರ ಎಂದು ಜನ ನಂಬಿದರು. ಆದರೆ ಕಂತಿನ ಹಣ ತಿಜೋರಿಯಲ್ಲಿ ಸುಮ್ಮನೆ ಕೂರುವುದಿಲ್ಲ. ಹೆಚ್ಚಿನ ಭಾಗ ಸರ್ಕಾರಿ ಸಾಲಪತ್ರಗಳಿಗೆ, ಸ್ವಲ್ಪ ಭಾಗ ಕಂಪನಿಗಳ ಷೇರುಗಳಿಗೆ ಹೋಗುತ್ತದೆ. ಷೇರಿಗೆ ಹುಣಸೆಹಣ್ಣಿನ ಹಾಗೆಯೇ ದಿನಕ್ಕೊಂದು ಧಾರಣೆ. ಯಾವ ಮಾಲು, ಯಾವ ಧಾರಣೆಗೆ, ಯಾರ ಹತ್ತಿರ ಕೊಂಡರು ಎನ್ನುವುದರಲ್ಲೇ ಲಾಭ ನಷ್ಟ ಎಲ್ಲ ಇದೆ.

1957ರ ಜೂನ್ ತಿಂಗಳಲ್ಲಿ ನಿಗಮವು ಹರಿದಾಸ್ ಮುಂದ್ರಾ ಎಂಬ ಕಲ್ಕತ್ತೆಯ ವ್ಯಾಪಾರಿಗೆ ಸೇರಿದ ಆರು ಕಂಪನಿಗಳ ಷೇರುಗಳನ್ನು ಸುಮಾರು 1 ಕೋಟಿ 24 ಲಕ್ಷ ರೂಪಾಯಿಗೆ ಕೊಂಡಿತು. ಆಸಾಮಿ ಆಗಲೇ ಸಾಲದಲ್ಲಿ ಮುಳುಗಿದ್ದ. ನಿಗಮದ ಹೂಡಿಕೆ ಸಮಿತಿಯನ್ನು ಮುಂಚಿತವಾಗಿ ಕೇಳಲಿಲ್ಲ. ಪೇಟೆ ಧಾರಣೆಗಿಂತ ಹೆಚ್ಚು ಕೊಟ್ಟು ಕೊಂಡದ್ದೂ ಇತ್ತು.

1957ರ ಡಿಸೆಂಬರ್ 16ರಂದು ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತಂದರು. ಅವರದು ಕೂಗಾಟದ ಭಾಷಣವಲ್ಲ. ಆಡಿಟ್‌ಗೆ ಬಂದವರು ವೋಚರು ಕೇಳುವ ಹಾಗೆ ತಾರೀಖು, ಧಾರಣೆ, ಕಂಪನಿಯ ಹೆಸರು ಒಂದೊಂದಾಗಿ ಮುಂದಿಟ್ಟರು. ಎದುರಿಗೆ ಉತ್ತರ ಕೊಡಬೇಕಾಗಿದ್ದವರು ತಮ್ಮದೇ ಪಕ್ಷದ ಮಂತ್ರಿ ಟಿ.ಟಿ. ಕೃಷ್ಣಮಾಚಾರಿ.

ಸರ್ಕಾರ ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾದ ಎಂ.ಸಿ. ಛಾಗ್ಲಾ ಅವರನ್ನು ವಿಚಾರಣೆಗೆ ನೇಮಿಸಿತು. ಅವರು ಬಹಿರಂಗವಾಗಿ ವಿಚಾರಣೆ ನಡೆಸಿದರು. ಕಲ್ಕತ್ತೆಯ ಷೇರುಪೇಟೆ ಬೀಳದಂತೆ ತಡೆಯಲು ಕೊಂಡೆವು ಎಂಬ ಸಮಜಾಯಿಷಿಯನ್ನು ಒಪ್ಪಲಿಲ್ಲ. ಅಧಿಕಾರಿಗಳು ಮಾಡಿದ ಕೆಲಸಕ್ಕೂ ಮಂತ್ರಿಯೇ ಹೊಣೆ ಎಂದರು. 1958ರ ಫೆಬ್ರವರಿಯಲ್ಲಿ ಮಂತ್ರಿ ರಾಜೀನಾಮೆ ಕೊಟ್ಟರು. ಆ ವರ್ಷದ ಬಜೆಟ್ಟನ್ನು ನೆಹರೂ ಅವರೇ ಮಂಡಿಸಿದರು.

ದೂರದ ದಿಲ್ಲಿಯ ಈ ಮಾತು ನಮಗೇಕೆ ಎನ್ನುತ್ತೀರಾ? ಆ ಲೋಕಸಭೆಯ ಸಭಾಧ್ಯಕ್ಷರು ನಮ್ಮ ರಾಯಲಸೀಮೆಯ ಚಿತ್ತೂರಿನಿಂದ ಗೆದ್ದಿದ್ದ ಅನಂತಶಯನಂ ಅಯ್ಯಂಗಾರ್. ಅನಂತಪುರದ ಸದಸ್ಯರು ತರಿಮೆಲ ನಾಗಿರೆಡ್ಡಿ, ವಿರೋಧ ಪಕ್ಷದ ಸಾಲಿನಲ್ಲಿದ್ದವರು. ಮುಂದೆ 1967ರಲ್ಲಿ ಹಿಂದೂಪುರದಿಂದಲೇ ಗೆದ್ದ ನೀಲಂ ಸಂಜೀವರೆಡ್ಡಿ ಸಭಾಧ್ಯಕ್ಷರಾದರು. ಆ ಪೀಠದಲ್ಲಿ ಕುಳಿತವರು ಚರ್ಚೆಯಲ್ಲಿ ಪಕ್ಷ ವಹಿಸಿ ಮಾತಾಡುವಂತಿಲ್ಲ; ಮಾತಾಡುವವರಿಗೆ ಅವಕಾಶ ಕೊಡುವುದೇ ಅವರ ಕೆಲಸ. ರಾಷ್ಟ್ರಪತಿ ಚುನಾವಣೆಗೆ ನಿಲ್ಲಲು ಅವರು ಆ ಪೀಠವನ್ನು ಬಿಟ್ಟದ್ದು 1969ರ ಜುಲೈ 19ರಂದು. ಅದೇ ದಿನ 14 ಬ್ಯಾಂಕುಗಳು ಸುಗ್ರೀವಾಜ್ಞೆಯಿಂದ ರಾಷ್ಟ್ರೀಕರಣವಾದವು. ಕೆನರಾ, ಸಿಂಡಿಕೇಟ್ ಅವುಗಳಲ್ಲಿ ಸೇರಿದ್ದವು. ಆ ಚುನಾವಣೆಯಲ್ಲಿ ಅವರು ಸೋತರು. ಆದರೆ 1980ರ ಏಪ್ರಿಲ್ 15ರಂದು ಇನ್ನೂ ಆರು ಬ್ಯಾಂಕುಗಳು ರಾಷ್ಟ್ರೀಕರಣವಾದಾಗ ರಾಷ್ಟ್ರಪತಿಯಾಗಿದ್ದವರು ಅವರೇ. ಆ ಆರರಲ್ಲಿ ನಮ್ಮ ಎರಡು ಭಾಷೆಗೂ ಪಾಲಿತ್ತು: ಆ ಕಡೆ ಆಂಧ್ರ ಬ್ಯಾಂಕ್, ಈ ಕಡೆ ಕಾರ್ಪೊರೇಷನ್, ವಿಜಯಾ. ಇಂದು ಈ ಮೂರು ಹೆಸರೂ ಇಲ್ಲ. 2019ರಲ್ಲಿ ವಿಜಯಾ ಬರೋಡಾ ಬ್ಯಾಂಕಿನಲ್ಲಿ, 2020ರಲ್ಲಿ ಆಂಧ್ರ ಮತ್ತು ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಕೆನರಾದಲ್ಲಿ ಸೇರಿಹೋದವು. ನಿಮ್ಮ ಪಾಸ್‌ಬುಕ್ಕಿನ ಮೇಲಿನ ಹೆಸರು ಬದಲಾಗುವುದು ಸಹ ದಿಲ್ಲಿಯ ತೀರ್ಮಾನದಿಂದಲೇ.

ಆದ್ದರಿಂದ ನನ್ನ ಬಿನ್ನಹ ಇಷ್ಟೆ. ಕಲ್ಯಾಣದುರ್ಗದವರು ಅನಂತಪುರದ ಸದಸ್ಯರನ್ನು, ಹಿಂದೂಪುರದವರು ಹಿಂದೂಪುರದ ಸದಸ್ಯರನ್ನು ಲೋಕಸಭೆಗೆ ಕಳಿಸುತ್ತೀರಿ. ಅವರು ಊರಿಗೆ ಬಂದಾಗ ರಸ್ತೆ, ನೀರು ಕೇಳುತ್ತೀರಿ, ಕೇಳಲೇಬೇಕು. ಜೊತೆಗೆ ಇದನ್ನೂ ಕೇಳಿ: "ಅಯ್ಯಾ, ನಮ್ಮ ಉಳಿತಾಯದ ಹಣದ ಬಗ್ಗೆ ನೀವು ಸಭೆಯಲ್ಲಿ ಏನು ಕೇಳಿದಿರಿ?" ಲೋಕಸಭೆಯಲ್ಲಿ ಪ್ರಶ್ನೋತ್ತರ ವೇಳೆ ಎಂಬುದಿದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಬಾಯಲ್ಲೇ ಉತ್ತರ ಕೊಡಬೇಕು, ಮೇಲೆ ಉಪಪ್ರಶ್ನೆಗೂ ಸಿದ್ಧವಿರಬೇಕು. ಚುಕ್ಕೆ ಇಲ್ಲದ ಪ್ರಶ್ನೆಗೆ ಉತ್ತರ ಬರಹದಲ್ಲಿ ಬರುತ್ತದೆ. ಶಾಖೆ ಮುಚ್ಚಿದ್ದು, ವಿಮೆಯ ಕ್ಲೇಮು ತಡವಾದದ್ದು, ಠೇವಣಿ ಕಂಪನಿ ಬಾಗಿಲು ಹಾಕಿದ್ದು, ಯಾವುದನ್ನೂ ಅಲ್ಲಿ ಕೇಳಿಸಬಹುದು. ಕನ್ನಡದಲ್ಲೋ ತೆಲುಗಿನಲ್ಲೋ ಒಂದು ಕಾಗದ ಬರೆಯಿರಿ. ತಾರೀಖು, ಮೊತ್ತ, ಶಾಖೆಯ ಹೆಸರು ಸರಿಯಾಗಿ ಬರೆಯಿರಿ.

ಸಭೆಯಲ್ಲಿ ಆಡಿದ ಮಾತನ್ನು ಪತ್ರಿಕೆಯವರು ಹೆದರದೆ ವರದಿ ಮಾಡಲೆಂದು 1956ರಲ್ಲಿ ಕಾನೂನು ತಂದವರೂ ಫಿರೋಜ್ ಗಾಂಧಿಯವರೇ. ತುರ್ತುಪರಿಸ್ಥಿತಿಯಲ್ಲಿ ಅದನ್ನು ತೆಗೆದುಹಾಕಿದರು. 1977ರಲ್ಲಿ ಮತ್ತೆ ಬಂತು. ಅಲ್ಲಿ ನಡೆದದ್ದು ನಿಮ್ಮ ಕಿವಿಗೆ ಮುಟ್ಟಬೇಕೆಂದೇ ಆ ಏರ್ಪಾಡು. ಕೇಳುವ ಕಿವಿ ನಮ್ಮದಾದರೆ, ಕೇಳುವ ಬಾಯಿ ದಿಲ್ಲಿಯಲ್ಲಿ ತಾನಾಗಿ ತೆರೆಯುತ್ತದೆ.